ಯುಕೆ ಗ್ಯಾರೇಜ್ ಹಾಡಿಗೆ ಭಜನೆ ಮನೆಯ ಹಾರ್ಮೋನಿಯಂ

ಎರಡು ಸಿ.ಡಿ. ಹಾಕುವ ಹಳೆಯ ಡಿಜೆ ಪ್ಲೇಯರಿಗೆ ಚೌಕಾಸಿ ಮಾಡಿ ಒಂಬತ್ತು ಸಾವಿರ ಕೊಟ್ಟೆ. ಹಾಡಿನ ವೇಗ ಏರಿಸಿ ಇಳಿಸುವ ಅನುಕೂಲ ಅದರಲ್ಲಿತ್ತು. ಕೋಟೆ ಕಡೆಯ ಮದುವೆಯೊಂದರಲ್ಲಿ ಸಿನಿಮಾ ಹಾಡಿನೊಳಗೆ ಲಂಡನ್ನಿನ ಯುಕೆ ಗ್ಯಾರೇಜ್ ಎಂಬ ವೇಗದ ಕುಣಿತದ ಹಾಡು ಬೆರೆತು ಬರಬೇಕೆಂದು ವರನ ಆಸೆ. ನಡುವೆ ಕುಣಿತ ನಿಂತರೆ ಆ ಕಡೆ ಮತ್ತೆ ನನ್ನನ್ನು ಕರೆಯುವವರಿಲ್ಲ.

ಮುಂಚಿತವಾಗಿ ಭಜನೆ ಮನೆಯ ಹಾರ್ಮೋನಿಯಂನಲ್ಲಿ ಎರಡರ ಶ್ರುತಿ ಹಿಡಿದು ನೋಡಿದೆ. ಎರಡು ಹಾಡಿಗೂ ಶ್ರುತಿ ಕಪ್ಪು ಎರಡು, ಅಂದರೆ ಎರಡನೆಯ ಕಪ್ಪು ಮನೆ. ಆದರೆ ಸಿನಿಮಾ ಹಾಡಿಗೆ ಸರಿಯಾಗಿ ಲಂಡನ್ ಹಾಡಿನ ಓಟ ತಗ್ಗಿಸಿ ಒಟ್ಟಿಗೆ ಬಿಟ್ಟರೆ ಕಿವಿಗೆ ಕರ್ಕಶ.

“ಏನ್ಲಾ, ನಿನ್ ಲಂಡನ್ನಿಗೆ ನೆಗಡಿಯಾ?” ಎಂದರು ಹಾರ್ಮೋನಿಯಂ ಬಾರಿಸುವ ಮಾವ.

ಮತ್ತೆ ಹಿಡಿದು ನೋಡಿದರೆ, ವೇಗದ ಜೊತೆಗೆ ಅದರ ಶ್ರುತಿಯೂ ಪಕ್ಕದ ಬಿಳಿ ಮನೆಗೆ ಇಳಿದಿತ್ತು. ಆ ಶ್ರುತಿಗೂ ಓಟಕ್ಕೂ ಹೊಂದುವ ಬೇರೆ ಸಿನಿಮಾ ಹಾಡು ಹುಡುಕಿದೆ. ಮದುವೆಯಲ್ಲಿ ಹಾಡು ಬದಲಾದರೂ ಒಂದು ಕಾಲೂ ತಪ್ಪಲಿಲ್ಲ. ನನಗೆ ಹೋದ ಜೀವ ಬಂತು.

ಇಂಥ ಪ್ಲೇಯರಿನಲ್ಲಿ ಹಾಡು ಬೆರೆಸುವುದಿದ್ದರೆ ನೀವು ಮೊದಲು ಎರಡರ ವೇಗ ಹೊಂದಿಸಿಕೊಳ್ಳಿ, ಶ್ರುತಿಯನ್ನು ಆಮೇಲೆ ನೋಡಿ.