ಹೊಲಿದಿಟ್ಟ ಅಧ್ಯಾಯ

ಯುರೋಪಿನ ಮೂವತ್ತು ವರ್ಷಗಳ ಯುದ್ಧವನ್ನು ನಾನು ಒಮ್ಮೆ ಯಾವ ಕಾರಣವೂ ಇಲ್ಲದೆ ನಡೆಸಿದ್ದೇನೆ. ಮಂಗಳೂರಿನ ಒಂದು ಸಣ್ಣ ಕಾನ್ವೆಂಟಿನ ಮುಂಗೋಣೆಯಲ್ಲಿ, ಪ್ರತಿ ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ.

ಐವತ್ತರ ದಶಕದ ಕೊನೆಯ ಮಾತು. ಕಾಲೇಜಿನಲ್ಲಿ ನನಗೆ ಇತಿಹಾಸ ಕಲಿಸುವ ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು. ಮಣ್ಣಗುಡ್ಡದಲ್ಲಿ ಬಾಡಿಗೆ ಕೋಣೆ. ಕಡಲಿಗೆ ಹೋಗುವ ನಮ್ಮ ಮನೆಯಿಂದ ಕೋಟು ಹಾಕಿಕೊಂಡ ಮೊದಲಿಗ ನಾನು. ಆ ಕೋಟಿಗೆ ಮೀನಿನ ವಾಸನೆ ಬರುತ್ತಿದೆಯೋ ಎಂದು ದಿನಕ್ಕೆ ನಾಲ್ಕು ಸಲ ಮೂಸುತ್ತಿದ್ದೆ. ಬಂದರೆ ಏನು ಮಾಡಬೇಕೆಂಬುದು ಮಾತ್ರ ಗೊತ್ತಿರಲಿಲ್ಲ.

ಅಕ್ಕ ಹೊಳೆಯಾಚೆಯ ಬೆಂಗರೆಯಲ್ಲಿದ್ದಳು. ಅವಳ ಮಗಳು ದಿನಾ ದೋಣಿಯಲ್ಲಿ ದಾಟಿ ಬಂದರಿನ ಹತ್ತಿರವಿದ್ದ ಕಾನ್ವೆಂಟಿನ ಶಾಲೆಗೆ ಬರುತ್ತಿದ್ದಳು. ಎಂಟನೆಯ ತರಗತಿ. ಶಾಲೆ ಇದ್ದದ್ದೇ ಅಲ್ಲಿಯವರೆಗೆ. ಜೂನ್ ತಿಂಗಳೊಳಗೆ ಬಿ.ಎ. ಪಾಸಾದ ಒಬ್ಬ ಸಿಸ್ಟರ್ ಇದ್ದರೆ ಒಂಬತ್ತನೆಯದಕ್ಕೆ ಅನುಮತಿ ಕೊಡುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದು ಇಲಾಖೆಯವರು ಹೇಳಿದ್ದರು. ಅಕ್ಕನ ಲೆಕ್ಕಾಚಾರವೂ ಅಷ್ಟೇ ನೇರವಾಗಿತ್ತು. ಅದೇ ಶಾಲೆಯಲ್ಲಾದರೆ ಮಗಳು ಓದಲಿ. ಇಲ್ಲದಿದ್ದರೆ ಬುಟ್ಟಿ ಹೊತ್ತು ಮಾರ್ಕೆಟಿಗೆ ಬರಲಿ. ಬಸ್ಸು ಹತ್ತಿ ದೂರದ ಶಾಲೆಗೆ ಹೋಗುವ ಮಾತೇ ಇಲ್ಲ.

ಕಾನ್ವೆಂಟಿನಲ್ಲಿ ಖಾಸಗಿಯಾಗಿ ಬಿ.ಎ. ಓದುತ್ತಿದ್ದ ಸಿಸ್ಟರ್ ಒಬ್ಬರೇ. ಮೂವತ್ತರ ಆಸುಪಾಸಿನವರು, ಬೇಗ ನಗುವವರು. ಅವರಿಗೆ ಉಳಿದದ್ದು ಒಂದೇ ಪೇಪರು: ಯುರೋಪಿನ ಧರ್ಮಸುಧಾರಣೆ ಮತ್ತು ಅದರ ಹಿಂದೆಯೇ ಬಂದ ಯುದ್ಧಗಳು. ಪಾಠ ಹೇಳಿಕೊಡಲು ನನ್ನನ್ನು ಕರೆದರು. ಅಕ್ಕನ ಮಗಳ ಮುಖ ನೆನೆದು ಒಪ್ಪಿಕೊಂಡೆ. ಅವಳ ಒಂಬತ್ತನೆಯ ತರಗತಿ ಈಗ ನನ್ನ ಪಾಠದ ಮೇಲೆ ನಿಂತಿತ್ತು.

ಪಾಠದ ಹೊತ್ತಿನಲ್ಲಿ ಕಾವಲಿಗೆಂದು ಮುದುಕಿ ಸಿಸ್ಟರ್ ಒಬ್ಬರು ಮೂಲೆಯಲ್ಲಿ ಕುಳಿತು ಹೊಲಿಯುತ್ತಿದ್ದರು. ಅವರಿಗೆ ಕಿವಿ ಕೇಳಿಸುವುದಿಲ್ಲ ಎಂದು ನನಗೆ ಹೇಳಿದ್ದರು.

ಪಠ್ಯಪುಸ್ತಕವನ್ನು ಕಾಲೇಜು ಲೈಬ್ರರಿಯಿಂದ ನನ್ನ ಹೆಸರಿನಲ್ಲಿ ತಂದುಕೊಟ್ಟಿದ್ದೆ. ಎರಡನೆಯ ಶನಿವಾರ ಅದನ್ನು ಬಿಡಿಸಿದರೆ ನಡುವಿನ ನಲವತ್ತು ಪುಟ ತೆರೆಯುವುದಿಲ್ಲ. ಮೂರು ಅಂಚಿಗೂ ಬಿಳಿ ನೂಲಿನಲ್ಲಿ, ಮದುವೆ ರವಿಕೆಗೆ ಹಾಕುವಷ್ಟು ಸಣ್ಣ ಹೊಲಿಗೆ ಹಾಕಿತ್ತು.

"ಇದೆಂತ ಸಿಸ್ಟರ್?"

"ಮದರ್ ಹೇಳಿದ್ರು, ಅವರು ಹೊಲಿದ್ರು," ಎಂದು ಮೂಲೆಯ ಕಡೆ ತೋರಿಸಿದರು. "ಪೋಪರನ್ನು ಎದುರು ಹಾಕಿಕೊಂಡ ಆ ಜರ್ಮನ್ ಸನ್ಯಾಸಿ ಬರೆದದ್ದೇ ಇಡಿಯಾಗಿ ಉಂಟಲ್ಲ ಅದರಲ್ಲಿ. ಅದನ್ನು ಓದ್ಲಿಕ್ಕೂ ಕೇಳ್ಲಿಕ್ಕೂ ನಮಗೆ ಮೇಲಿನ ಗುರುಗಳ ಅಪ್ಪಣೆ ಬೇಕು, ಬರವಣಿಗೆಯಲ್ಲಿ. ಅವರು ಪರದೇಶಕ್ಕೆ ಹೋಗಿದ್ದಾರೆ. ಕಾಗದ ಹಾಕಿದ್ದೇವೆ."

"ಲೈಬ್ರರಿ ಪುಸ್ತಕ ಸಿಸ್ಟರ್ ಇದು."

"ತೂತು ಕಾಣುವುದಿಲ್ಲ ಮಾಷ್ಟ್ರೇ. ಅವರ ಕೈ ಒಳ್ಳೇದು."

ಪರೀಕ್ಷೆಗೆ ಹತ್ತು ವಾರವಿತ್ತು. ಅಷ್ಟರಲ್ಲಿ ಅಪ್ಪಣೆ ಬರುತ್ತದೆ ಎಂದುಕೊಂಡು ನಾನು ಹೊಲಿಗೆಯ ಆಚೆಯಿಂದ ಪಾಠ ಶುರುಮಾಡಿದೆ. ಒಂದು ರಾಜಧಾನಿಯಲ್ಲಿ ಮದುವೆಗೆ ಬಂದ ನೆಂಟರನ್ನು ಊರವರೇ ಕಡಿದುಹಾಕಿದರು ಎಂದೆ.

"ಯಾಕೆ?"

"ಅದು ಹೊಲಿಗೆಯ ಒಳಗುಂಟು."

ಇನ್ನೊಂದು ಊರಿನಲ್ಲಿ ಅಧಿಕಾರಿಗಳನ್ನು ಹಿಡಿದು ಕಿಟಕಿಯಿಂದ ಹೊರಗೆ ಎಸೆದರು. ಯುದ್ಧ ಹತ್ತಿಕೊಂಡದ್ದು ಅಲ್ಲಿಂದ ಎಂದೆ.

"ಅದೂ ಒಳಗೆಯಾ?"

"ಒಳಗೆಯೇ."

ಇಬ್ಬರೂ ನಕ್ಕೆವು. ಆರನೆಯ ವಾರದ ಹೊತ್ತಿಗೆ ನಗು ನಿಂತಿತ್ತು. ಸೈನಿಕರು ಹಳ್ಳಿಗಳ ಬಿತ್ತನೆಯ ಕಾಳನ್ನೂ ತಿಂದು ಹೋದರು, ಜನ ಮರದ ತೊಗಟೆ ಬೇಯಿಸಿ ತಿಂದರು ಎಂದೆಲ್ಲ ಹೇಳುವಾಗ ಸಿಸ್ಟರ್ ಪೆನ್ನು ಕೆಳಗಿಡುತ್ತಿದ್ದರು. "ಆ ಹಳ್ಳಿಯವರಿಗಾದರೂ ಗೊತ್ತಿತ್ತಾ ಮಾಷ್ಟ್ರೇ, ಯಾಕೆ ಅಂತ?" ಎಂದು ಒಮ್ಮೆ ಕೇಳಿದರು. ಅದಕ್ಕೆ ಉತ್ತರ ಹೊಲಿಗೆಯ ಒಳಗೂ ಇರಲಿಲ್ಲ.

ಕಾಗದ ಬರಲಿಲ್ಲ. ನಾನು ಬೆಂಗರೆಗೆ ಹೋಗಿ ಅಕ್ಕನ ಎದುರು ತಲೆಗೆ ಕೈ ಕೊಟ್ಟು ಕೂತೆ. ಅವಳು ಬಂಗುಡೆ ಹೆಚ್ಚುತ್ತಿದ್ದಳು.

"ಅದರಲ್ಲಿ ಎಂತ ಉಂಟು ಅಂತ ನೀನೇ ಬಾಯಲ್ಲಿ ಹೇಳಿಬಿಡು ಮಾರಾಯ. ಬಾಂಬಾ ಅದು?"

ಎಂತ ಉಂಟು ಎಂದು ಅವಳಿಗೆ ಹೇಳಿದೆ. ದೇವರಿಗೂ ಮನುಷ್ಯನಿಗೂ ನಡುವೆ ಇನ್ನೊಬ್ಬರು ಬೇಡ, ಕ್ಷಮೆ ದುಡ್ಡಿಗೆ ಸಿಗುವುದಲ್ಲ, ಅವರವರ ಗ್ರಂಥವನ್ನು ಅವರವರೇ ಓದಿಕೊಳ್ಳಲಿ ಎಂದು ಆ ಸನ್ಯಾಸಿ ಬರೆದ.

"ಅಷ್ಟಕ್ಕೆ ಮೂವತ್ತು ವರ್ಷವಾ?" ಎಂದು ಕೇಳಿ ಅಕ್ಕ ಇನ್ನೊಂದು ಮೀನು ತೆಗೆದುಕೊಂಡಳು.

ಮುಂದಿನ ಶನಿವಾರ ನಾನೊಂದು ಉಪಾಯ ಹೂಡಿದೆ. ಕುರ್ಚಿಯನ್ನು ಮೂಲೆಯ ಕಡೆ ತಿರುಗಿಸಿ, ಮುದುಕಿ ಸಿಸ್ಟರಿಗೆ ಹೇಳುವವನ ಹಾಗೆ, "ಆ ಸನ್ಯಾಸಿ ಏನಂದ ಅಂದರೆ" ಎಂದು ಗಟ್ಟಿಯಾಗಿ ಶುರುಮಾಡಿದೆ. ಕಿವಿ ಕೇಳದವರಿಗೆ ಹೇಳಿದರೆ ಯಾವ ಕಾನೂನಿನ ತಪ್ಪು? ಪಕ್ಕದಲ್ಲಿದ್ದವರ ಕಿವಿಗೆ ಬಿದ್ದರೆ ನಾನೇನು ಮಾಡಲಿ?

ನನ್ನ ಶಿಷ್ಯೆ ಎದ್ದು ನಿಂತರು. "ಮಾಷ್ಟ್ರೇ, ನೀವು ನನಗೆ ಪಾಠ ಮಾಡ್ತೀರಾ, ಇಲ್ಲ ಕಳ್ಳತನ ಕಲಿಸ್ತೀರಾ?"

"ನಾನು ಇವರಿಗೆ ಹೇಳ್ತಾ ಇದ್ದೇನೆ."

"ನನಗೆ ಬೇಡ," ಎಂದರು ಮುದುಕಿ ಸಿಸ್ಟರ್, ಸೂಜಿಯಿಂದ ಕಣ್ಣೆತ್ತದೆ. "ನನಗೆ ಎಲ್ಲ ಕೇಳ್ತದೆ. ಮದರ್ ಕರೆಯುವಾಗ ಮಾತ್ರ ಸ್ವಲ್ಪ ಕಮ್ಮಿ."

ನಾನು ಕುರ್ಚಿಯನ್ನು ಇದ್ದಲ್ಲಿಗೆ ತಿರುಗಿಸಿದೆ. ಸಿಸ್ಟರ್ ಕುಳಿತುಕೊಂಡರು. "ಮಕ್ಕಳ ಶಾಲೆ ನನಗೂ ಬೇಕು ಮಾಷ್ಟ್ರೇ," ಎಂದರು. "ಬೇಡ ಅಂತ ಎಣಿಸಬೇಡಿ. ಸಿಸ್ಟರ್ ಆಗುವಾಗ ಕೊಟ್ಟ ಮಾತು ಮುರಿದು ಶಾಲೆ ತೆಗೆದರೆ ಅಲ್ಲಿ ನಿಂತು ನಾನು ಎಂತ ಕಲಿಸಲಿ?"

ನಾನು ಹೊಲಿಗೆಯ ಆಚೆಯ ಪುಟ ತೆರೆದೆ. ಹತ್ತಿಕೊಂಡ ಯುದ್ಧವನ್ನು ಮುಂದುವರಿಸಿದೆ.

ಪರೀಕ್ಷೆಯ ದಿನ ಗೇಟಿನ ಹತ್ತಿರ ಕಾದಿದ್ದೆ. ಹೊರಗೆ ಬಂದ ಸಿಸ್ಟರ್ ಪ್ರಶ್ನೆಪತ್ರಿಕೆಯನ್ನು ನನ್ನ ಕೈಗಿತ್ತರು. ಮೊದಲ ಪ್ರಶ್ನೆಯೇ ಅದು, ಬಿಡುವ ಹಾಗಿಲ್ಲ: ಆ ಸನ್ಯಾಸಿಯ ಬೋಧನೆಯೇನು, ಅದರಿಂದ ಯುದ್ಧ ಹೇಗೆ ಹುಟ್ಟಿತು, ವಿವರಿಸಿ.

"ಎಂತ ಬರೆದ್ರಿ?"

"ಯಾವ ಊರು ಸುಟ್ಟುಹೋಯಿತು, ಯಾರು ಎಲ್ಲಿ ಸತ್ತರು, ಎಲ್ಲ ಬರೆದೆ. ಬೋಧನೆ ನಾನು ಓದಿಲ್ಲ ಅಂತ ಬರೆದೆ."

"ಹಾಗೇ ಬರೆದ್ರಾ?"

"ಹಾಗೇ."

ದೂರದ ಊರಿನ ಕಾಣದ ಪರೀಕ್ಷಕನಿಗೆ ನಾನು ಮೂರು ಕಾಗದ ಬರೆದೆ. ಮೂರನ್ನೂ ಹರಿದೆ. ಫಲಿತಾಂಶ ಬಂದಾಗ ಕೆಲವೇ ಅಂಕಗಳಿಂದ ಸಿಸ್ಟರ್ ಫೇಲಾಗಿದ್ದರು. ವಾರ ಕಳೆಯುವಷ್ಟರಲ್ಲಿ ಅಪ್ಪಣೆಯ ಕಾಗದ ಬಂತು. ಒಳ್ಳೆಯ ಮಾತುಗಳೇ ಅದರಲ್ಲಿದ್ದವಂತೆ. ಯಾರನ್ನಾದರೂ ಬೈದು ಹಗುರಾಗೋಣವೆಂದರೆ ತಪ್ಪು ಮಾಡಿದವರು ಒಬ್ಬರೂ ಇರಲಿಲ್ಲ. ಮದರ್ ನಿಯಮ ನಡೆಸಿದ್ದರು, ಗುರುಗಳು ಹಿಂದಿರುಗಿದೊಡನೆ ಸಹಿ ಹಾಕಿದ್ದರು, ಪರೀಕ್ಷಕ ಬರೆಯದ ಉತ್ತರಕ್ಕೆ ಅಂಕ ಕೊಟ್ಟಿರಲಿಲ್ಲ. ಜೂನಿನಲ್ಲಿ ಒಂಬತ್ತನೆಯ ತರಗತಿ ಆಗಲಿಲ್ಲ. ಬೇರೆ ಎರಡು ಶಾಲೆಗಳಲ್ಲಿ ವಿಚಾರಿಸಿ, ಫಾರಮು ತಂದು ಅಕ್ಕನ ಮುಂದಿಟ್ಟೆ. ಅವಳು ಅದನ್ನು ಮಡಚಿ ನನ್ನ ಕೋಟಿನ ಜೇಬಿಗೇ ತುರುಕಿದಳು.

ಸೆಪ್ಟೆಂಬರಿನಲ್ಲಿ ಸಿಸ್ಟರ್ ಮತ್ತೆ ಕೂತರು, ಪಾಸಾದರು. ಅದು ತಿಳಿದ ವಾರವೇ ಮುದುಕಿ ಸಿಸ್ಟರನ್ನು ಕರೆದುಕೊಂಡು ದೋಣಿಯಲ್ಲಿ ದಾಟಿ ಬೆಂಗರೆಗೆ ಬಂದರು. ದಾರಿ ತೋರಿಸಲು ನಾನಿದ್ದೆ. ಅಕ್ಕ ಬೆಂಚು ಒರೆಸಿ ಕೂರಿಸಿ ಎಳನೀರು ಕೊಟ್ಟಳು.

"ಬರುವ ಜೂನಿಗೆ ಒಂಬತ್ತನೆಯದು ಶುರು ಮಾಡ್ತೇವೆ. ಮಗಳನ್ನು ಕಳಿಸಿ," ಎಂದರು ಸಿಸ್ಟರ್.

"ಅವಳಿಗೆ ಮಾರ್ಕೆಟ್ ರೂಢಿಯಾಯಿತು ಸಿಸ್ಟರ್. ಅವಳದ್ದೇ ಅಂತ ಗಿರಾಕಿಗಳಿದ್ದಾರೆ. ಅವಳ ಅಪ್ಪನಿಗೂ ಮೈ ಸರಿ ಇಲ್ಲ. ಇನ್ನು ಎಂತ ಶಾಲೆ?" ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಎದುರಿಗೆ ಕೂತು ಕೇಳಿದಳು, "ಆ ಪುಸ್ತಕ ಕೊನೆಗೆ ಓದಿದ್ರಾ?"

"ಓದಿದೆ."

"ಎಂತ ಉಂಟು ಅದರಲ್ಲಿ? ಇವ ಒಂದು ಹೇಳ್ತಾನೆ. ನೀವು ಹೇಳಿ."

ಸಿಸ್ಟರ್ ಎಳನೀರನ್ನು ಮೊಣಕಾಲ ಮೇಲೆ ಹಿಡಿದುಕೊಂಡು ಕೂತಿದ್ದರು. "ತುಂಬ ಉಂಟು. ಅರ್ಧ ನನಗೆ ಒಪ್ಪಿಗೆ ಇಲ್ಲ," ಎಂದರು. ಆಮೇಲೆ, "ಒಂದು ಕಡೆ ಬರೆದಿದ್ದಾನೆ, ಪ್ರತಿ ಊರಿನಲ್ಲೂ ಹೆಣ್ಣುಮಕ್ಕಳಿಗೆ ಒಂದು ಶಾಲೆ ಬೇಕು ಅಂತ," ಎಂದರು.

ಆ ಪುಟವನ್ನು ನಾನು ಅದಕ್ಕೆ ಮೊದಲು ಮೂರು ಸಲವಾದರೂ ಓದಿದ್ದೆ. ಆ ಸಾಲು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಅಂಗಳದಲ್ಲಿ ಹುಡುಗಿ ಚಾಪೆಯ ಮೇಲೆ ಮೀನು ಹರಡುತ್ತಿದ್ದಳು. ಕಾಗೆ ಹತ್ತಿರ ಬಂದಾಗಲೆಲ್ಲ, ನಮ್ಮ ಕಡೆ ನೋಡದೆ, ಕೋಲೆತ್ತಿ ಓಡಿಸುತ್ತಿದ್ದಳು.