ಆಟ ಬಿಟ್ಟವನ ಮಂಡಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೂಡಿಗೆರೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಊರವರ ಬಾಯಲ್ಲಿ ನಾನು 'ಕರೆಂಟ್ ಕೊಡೋ ಡಾಕ್ಟ್ರಮ್ಮ'. ನೋವಿನ ಜಾಗಕ್ಕೆ ಯಂತ್ರ ಹಚ್ಚದೆ ಬರೀ ವ್ಯಾಯಾಮ ಹೇಳಿಕೊಟ್ಟರೆ, "ಇವತ್ತು ಕರೆಂಟ್ ಇಲ್ವಾ?" ಎಂದು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ.

ಒಂದು ಬೇಸಿಗೆಯಲ್ಲಿ ಜಾವಳಿ ಕಡೆಯ ಎಸ್ಟೇಟಿನಿಂದ ಒಬ್ಬ ಕಬಡ್ಡಿ ಆಟಗಾರ ಬಂದ. ಇಪ್ಪತ್ತೆರಡರ ಆಸುಪಾಸು, ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲೇ ವಾಸ, ಅಲ್ಲೇ ಕೆಲಸ. ರೈಡಿಗೆ ಹೋದಾಗ ನಾಲ್ವರು ಮೇಲೆ ಬಿದ್ದು ಬಲಮಂಡಿ ತಿರುಚಿತ್ತು. ಮೂಳೆ ಮುರಿದಿಲ್ಲ, ಒಳಗೆ ಲಿಗಮೆಂಟಿಗೆ ಪೆಟ್ಟು ಎಂದು ಡಾಕ್ಟರು ಚೀಟಿ ಬರೆದು ನನ್ನ ಬಳಿ ಕಳಿಸಿದ್ದರು. ಅವನಿಗೆ ಬೇಕಾಗಿದ್ದು ಒಂದೇ. ಮಳೆಗಾಲ ಕಳೆದ ಮೇಲೆ ತಾಲ್ಲೂಕು ತಂಡದಲ್ಲಿ ಆಡಲು ಅವನನ್ನು ಕರೆದಿದ್ದರು, ಅಷ್ಟರೊಳಗೆ ಮಂಡಿ ಸರಿಯಾಗಬೇಕು.

"ಎರಡು ತಿಂಗಳು ಆಟ ಪೂರ್ತಿ ಬಿಡ್ಬೇಕು. ಈ ವ್ಯಾಯಾಮ ದಿನಕ್ಕೆ ಮೂರು ಸಲ ಮಾಡಿ," ಎಂದೆ.

"ಹೂಂ ಮೇಡಂ," ಎಂದ.

ವಾರಕ್ಕೊಮ್ಮೆ ಸಂತೆಯ ದಿನ ತಪ್ಪದೆ ಬರುತ್ತಿದ್ದ. ನಾನು ಮಂಡಿಗೆ ಟೇಪು ಸುತ್ತಿ ಅಳೆಯುತ್ತಿದ್ದೆ. ಊತ ಇಳಿಯಬೇಕಾದ ಕಡೆ ಏರುತ್ತಿತ್ತು. ನನಗಿದು ಒಡೆಯದ ಒಗಟಾಯಿತು. ವ್ಯಾಯಾಮ ಬದಲಿಸಿದೆ, ಮಂಡಿಪಟ್ಟಿ ಕೊಟ್ಟೆ, ಐಸ್ ಇಡಲು ಹೇಳಿದೆ. ರಾತ್ರಿ ಊಟಕ್ಕೆ ಕೂತರೂ ಆ ಮಂಡಿಯದೇ ಯೋಚನೆ. ಎಲ್ಲವನ್ನೂ ಸರಿಯಾಗಿ ಮಾಡುವವನ ಮಂಡಿ ಯಾಕೆ ಹೀಗೆ ಹಟ ಹಿಡಿದಿದೆ?

ಆಗ ಮಂಗಳೂರಿನ ಕಾಲೇಜಿನಿಂದ ಒಬ್ಬಳು ವಿದ್ಯಾರ್ಥಿನಿ ಆರು ವಾರದ ತರಬೇತಿಗೆ ನನ್ನ ಬಳಿ ಬಂದಿದ್ದಳು. ರೋಗಿಗೆ ತಿಳಿಸಿ ಹೇಳುವುದೇ ಅರ್ಧ ಚಿಕಿತ್ಸೆ, ಅದನ್ನು ನನ್ನನ್ನು ನೋಡಿ ಕಲಿ ಎಂದು ಅವಳ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಐದನೇ ವಾರವೂ ಮಂಡಿ ಊದಿಸಿಕೊಂಡು ಬಂದವನನ್ನು ಕಂಡಾಗ ನನ್ನ ತಾಳ್ಮೆ ತಪ್ಪಿತು.

"ಕದ್ದು ಆಡ್ತಿದ್ದೀಯ ಅಲ್ವಾ? ಸುಳ್ಳು ಹೇಳ್ಬೇಡ." ಕೋಪದಲ್ಲಿ 'ನೀವು' ಎಲ್ಲೋ ಹಾರಿಹೋಗಿತ್ತು.

"ದೇವ್ರಾಣೆ ಇಲ್ಲ ಮೇಡಂ. ಹುಡುಗ್ರು ಕರೆದ್ರೂ ಗ್ರೌಂಡ್ ಹತ್ರ ಹೋಗಿಲ್ಲ," ಎಂದು ತಲೆ ತಗ್ಗಿಸಿದ.

ನಾನು ನಂಬಲಿಲ್ಲ. ಪಕ್ಕದ ಮಂಚದಲ್ಲಿ ಹೆಗಲು ಹಿಡಿದುಕೊಂಡಿದ್ದ ಅಜ್ಜಿಯೊಬ್ಬರ ಕೈ ಎತ್ತಿಸಲು ಹೋದೆ. ವಿದ್ಯಾರ್ಥಿನಿ ಅವನೆದುರು ಸ್ಟೂಲ್ ಎಳೆದುಕೊಂಡು ಕೂತಳು.

"ಬೆಳಿಗ್ಗೆ ಎದ್ದಲ್ಲಿಂದ ಮಲಗುವವರೆಗೆ ಎಂತೆಲ್ಲ ಮಾಡ್ತೀರಿ? ಒಂದೊಂದೇ ಹೇಳಿ ನೋಡುವ."

ಇದೇನು ಹೊತ್ತು ಕಳೆಯುವ ಪಟ್ಟಾಂಗ ಎಂದುಕೊಂಡೆ. ಕಿವಿ ಮಾತ್ರ ಅಲ್ಲೇ ಇತ್ತು.

"ಏಳ್ತೀನಿ, ಮೇಡಂ ಹೇಳ್ದಂಗೆ ಕಾಲು ಎತ್ತಿ ಇಳಿಸ್ತೀನಿ. ತಿಂಡಿ ತಿಂದು ಎಂಟಕ್ಕೆ ಹಾಜರಿ. ಆಮೇಲೆ ಸಂಜೆ ತನಕ ಮರಗಸಿ."

"ಮರಗಸಿ ಅಂದ್ರೆ ಎಂತದು?"

ಸುಮ್ಮನಿರಲು ನನಗೆ ಆಗಲಿಲ್ಲ. ಆಲ್ದೂರು ಕಡೆಯ ಕಾಫಿ ಬೆಳೆಗಾರರ ಮಗಳು ನಾನು. ಅಜ್ಜಿಯ ಕೈ ಹಿಡಿದುಕೊಂಡೇ ಶುರು ಮಾಡಿದೆ. "ನಿಮ್ಮ ಮಂಗಳೂರಲ್ಲಿ ಅದೆಲ್ಲ ಇಲ್ಲ ಬಿಡು. ಕಾಫಿಗೆ ಹದವಾಗಿ ಬೆಳಕು ಬೀಳ್ಬೇಕಲ್ಲ, ಅದಕ್ಕೆ ನೆರಳಿನ ಮರದ ಕೊಂಬೆ ಕಡೀತಾರೆ. ಎಲ್ಲರ ಕೈಲೂ ಆಗೋ ಕೆಲಸ ಅಲ್ಲ. ಸೊಂಟಕ್ಕೆ ಕತ್ತಿ ಸಿಗಿಸ್ಕೊಂಡು ಏಣಿ ಹತ್ತಿ, ಮೇಲೆ ಹೋಗಿ ಕೊಂಬೇನ ಕಾಲಲ್ಲಿ ಅಪ್ಪಿ ಹಿಡಿದು, ಮಂಡಿ ತಿರುಚಿ..."

ಎತ್ತಿದ್ದ ಅಜ್ಜಿಯ ಕೈಯನ್ನು ಅರ್ಧಕ್ಕೇ ಬಿಟ್ಟುಬಿಟ್ಟೆ.

"ಎಂತಾಯ್ತೇ ಮಾರಾಯ್ತಿ?" ಎಂದರು ಅಜ್ಜಿ.

ನಾನು ಅವನ ಕಡೆ ತಿರುಗಿದೆ. "ದಿನಾ ಮರ ಹತ್ತುತ್ತೀರಾ?"

"ಹೂಂ, ಏಳೆಂಟು ಮರ. ಆಟ ಬಿಡಿ ಅಂದ್ರಿ, ಬಿಟ್ಟೆ. ಕೆಲಸದ್ದು ನೀವೇನೂ ಹೇಳ್ಲಿಲ್ವಲ್ಲ ಮೇಡಂ."

ನನಗೆ ನಾಚಿಕೆಯಾಯಿತು. ಕ್ರೀಡಾಗಾಯದ ಪುಸ್ತಕದಲ್ಲಿ ಮರಗಸಿ ಇರಲಿಲ್ಲ ಎಂದು ಜಾರಿಕೊಳ್ಳುವಂತೆಯೂ ಇರಲಿಲ್ಲ. ನಮ್ಮದೇ ತೋಟದಲ್ಲಿ ಮರದ ಕೆಳಗೆ ನಿಂತು, ಕೊಂಬೆ ಬೀಳುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾ ಬೆಳೆದವಳು ನಾನು. ಹತ್ತುವವರಿಗೂ ಮಂಡಿ ಇರುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಎಸ್ಟೇಟಿನಲ್ಲಿ ಹಾಜರಿ, ಕೆಲಸ ಹಂಚುವುದನ್ನು ನೋಡಿಕೊಳ್ಳುವ ರೈಟರಿಗೆ ಚೀಟಿ ಬರೆದೆ. ಅವರು ಅವನನ್ನು ನರ್ಸರಿಯಲ್ಲಿ ಸಸಿಯ ಚೀಲಕ್ಕೆ ಮಣ್ಣು ತುಂಬುವ ಕೆಲಸಕ್ಕೆ ಹಾಕಿದರು. ಕುಕ್ಕರುಗಾಲಲ್ಲಿ ಕೂರುತ್ತೀರೋ, ಸ್ಟೂಲ್ ಮೇಲೋ ಎಂದು ಈ ಸಲ ಕೇಳಿದೆ. ಮೂರೇ ವಾರದಲ್ಲಿ ಊತ ಇಳಿಯಿತು. ವಿದ್ಯಾರ್ಥಿನಿ ತರಬೇತಿ ಮುಗಿಸಿ ಹೊರಟಾಗ ಅವಳ ವರದಿಯಲ್ಲಿ 'ರೋಗಿಯನ್ನು ಕೇಳಲು ಬಲ್ಲಳು' ಎಂದು ಬರೆದೆ.

ಮಳೆ ಬಿಟ್ಟ ಮೇಲೆ, ಮಂಡಿ ಆಟಕ್ಕೆ ತಾಳುತ್ತದೋ ನೋಡಲು, ಅವನಿಗೆ ಬಲಗಾಲೊಂದರಲ್ಲೇ ಕುಪ್ಪಳಿಸಲು ಹೇಳಿದೆ. ಮೂರನೇ ಸಲಕ್ಕೆ ಮಂಡಿ ಕುಸಿಯಿತು. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಕುಪ್ಪಳಿಸಿದ, ಮತ್ತೆ ಕುಸಿಯಿತು. ನಡೆಯುವುದಕ್ಕೆ, ನೆಲದ ಮೇಲಿನ ಕೆಲಸಕ್ಕೆ ತೊಂದರೆಯಿಲ್ಲ, ರೈಡ್ ಮಾತ್ರ ಇನ್ನು ಬೇಡ ಎಂದೆ.

ಅವನು ಮಂಡಿ ಸವರಿಕೊಳ್ಳುತ್ತಾ ಕೇಳಿದ. "ಮೊದಲ್ನೇ ದಿನಾನೇ ಮರ ಹತ್ಬೇಡ ಅಂದಿದ್ರೆ ಆಡ್ತಿದ್ನಾ ಮೇಡಂ?"

ಖಚಿತವಾಗಿ ಹೇಳಲಾಗದು ಎಂದು ತಪ್ಪಿಸಿಕೊಳ್ಳಬಹುದಿತ್ತು. ಮನಸ್ಸು ಒಪ್ಪಲಿಲ್ಲ.

"ಆಡ್ತಿದ್ರಿ ಅನ್ಸುತ್ತೆ," ಎಂದೆ.

ಅವನು ಬೈಯಲಿಲ್ಲ. ಮಡಚಿದ್ದ ಪ್ಯಾಂಟನ್ನು ಮೆಲ್ಲಗೆ ಇಳಿಸಿಕೊಂಡು ಎದ್ದ. ಬಾಗಿಲ ಬಳಿ ನಿಂತು ಹೇಳಿದ, "ನಮ್ ಟೀಮಲ್ಲಿ ಇನ್ನೊಬ್ನಿಗೂ ಮಂಡಿ ಊದಿದೆ. ಬರೋ ವಾರ ಕರ್ಕೊಂಡು ಬರ್ತೀನಿ. ಅವ್ನೂ ಮರ ಹತ್ತೋನೇ ಮೇಡಂ, ಮೊದ್ಲೇ ಹೇಳಿರ್ತೀನಿ."