ಮಹೇಶ್ವರಿ ಮೈಕಿನ ಮುಂದೆ ಕೂತ ಹದಿನೈದು ದಿನ

ಬನವಾಸಿ ಬಸ್ಸಿನ ಕಂಡಕ್ಟರ್ ಮಹೇಶ್ವರಿಗೆ ಕಳೆದ ಮಳೆಗಾಲದಲ್ಲಿ ಎದೆಗೊಂದು ಪೆಟ್ಟು ಬಿದ್ದಿತ್ತು. ಕಿಕ್ಕಿರಿದ ಬಸ್ಸಿನಲ್ಲಿ ಯಾರದೋ ಶುಂಠಿ ಚೀಲ ಜಾರಿ ಬಲಗಡೆ ಬಡಿದಿತ್ತು. ನೋವು ಎರಡು ದಿನಕ್ಕೆ ಹೋಯಿತು. ಮುಟ್ಟಿದಾಗ ಕೈಗೆ ಸಿಕ್ಕ ಗಂಟು ಹೋಗಲಿಲ್ಲ. ಪೆಟ್ಟಿನ ಬಾವು ಇರಬೇಕು, ಇಲ್ಲವೇ ಹದಿನಾರು ವರ್ಷ ಎದೆಗೆ ಅಡ್ಡವಾಗಿ ನೇತು ಹಾಕಿಕೊಂಡ ಟಿಕೆಟ್ ಚೀಲದ ಪಟ್ಟಿ ಒತ್ತಿರಬೇಕು ಅಂದುಕೊಂಡಳು. ಹಾಗೆ ಅಂದುಕೊಳ್ಳುತ್ತಲೇ ಏಳು ತಿಂಗಳು ಕಳೆದವು. ಹುಬ್ಬಳ್ಳಿಯ ಡಾಕ್ಟರು, ಗಂಟಿಗೂ ಪೆಟ್ಟಿಗೂ ಸಂಬಂಧವಿಲ್ಲ ಎಂದರು. ಅದು ಕ್ಯಾನ್ಸರ್, ಕಂಕುಳಿಗೂ ಹಬ್ಬಿತ್ತು. ಬಲ ಸ್ತನವನ್ನು ಪೂರ್ತಿ ತೆಗೆದರು.

ಆಪರೇಷನ್ ಆದ ಇಪ್ಪತ್ತನೇ ದಿನ ಆಕೆ ಶಿರಸಿ ಡಿಪೋದಲ್ಲಿ ಬಂದು ನಿಂತಾಗ ಮ್ಯಾನೇಜರ್ ಗಾಬರಿಯಾದರು.

"ನಿಮ್ದು ಇನ್ನೂ ರಜೆ ಐತಲ್ರಿ?"

"ಐತ್ರಿ ಸರ್. ಕೀಮೋ ಶುರು ಆದಮ್ಯಾಲೆ ಬೇಕಾಗ್ತೈತಿ. ಆಗ ಏಳಾಕ ಆಗಂಗಿಲ್ಲಂತ. ಈಗ ಕೂತು ಮಾಡೋ ಕೆಲಸ ಏನಾರ ಕೊಡ್ರಿ."

ಚೀಲದ ಪಟ್ಟಿ ಹೊಲಿಗೆಯ ಮೇಲೇ ಬರುತ್ತಿತ್ತು, ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಹಾಗಾಗಿ ಬಸ್ ನಿಲ್ದಾಣದ ಕಂಟ್ರೋಲರ್ ಕೋಣೆಯಲ್ಲಿ, ಬಂದು ಹೋಗುವ ಬಸ್ಸುಗಳನ್ನು ಮೈಕಿನಲ್ಲಿ ಹೇಳುವ ಕೆಲಸ ಸಿಕ್ಕಿತು. ಕಾನಸೂರು, ಸಿದ್ದಾಪುರ, ಯಲ್ಲಾಪುರ ಎಂದು ಆಕೆ ಕೂಗುತ್ತಿದ್ದಳು. ಎರಡು ಬಸ್ಸುಗಳ ನಡುವೆ ಗೋಡೆಗೆ ಮುಖ ಮಾಡಿ ನಿಂತು, ಆಸ್ಪತ್ರೆಯಲ್ಲಿ ಹೇಳಿಕೊಟ್ಟಂತೆ ಬಲಗೈ ಬೆರಳುಗಳನ್ನು ಗೋಡೆಯ ಮೇಲೆ ಇರುವೆಯಂತೆ ಹತ್ತಿಸುತ್ತಿದ್ದಳು. ಒಂದು ಗೇಣು ಹತ್ತುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತಿತ್ತು.

ಬನವಾಸಿ ಬಸ್ಸಿನ ಡ್ರೈವರ್ ಸಂಗಯ್ಯ ಆರು ವರ್ಷ ಆಕೆಯ ಜೊತೆ ದುಡಿದವನು. ಮೊದಲ ದಿನ ಬಾಗಿಲಲ್ಲಿ ನಿಂತು ಏನೋ ಹೇಳಲು ಹೋಗಿ, "ದನಿ ಸಣ್ಣ ಆಗೈತ್ರಿ ಅಕ್ಕಾರ" ಎಂದಷ್ಟೇ ಹೇಳಿದ. ಮರುದಿನದಿಂದ ಬಿಸಿನೀರಿನ ಥರ್ಮಾಸ್ ತಂದು ಮೇಜಿನ ಮೇಲೆ ಇಟ್ಟು ಹೋಗತೊಡಗಿದ.

ಕೀಮೋಗೆ ಮೊದಲು ಮುಗಿಸಬೇಕಾದ ಕೆಲಸಗಳನ್ನು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಔಷಧಿ ಶುರುವಾದರೆ ಬಾಯಿ ಹುಣ್ಣಾಗುತ್ತದೆ, ಹುಳುಕು ಹಲ್ಲಿದ್ದರೆ ನಂಜಾಗುತ್ತದೆ ಎಂದು ಮೊದಲು ಹಲ್ಲಿನ ಡಾಕ್ಟರ ಬಳಿ ಕಳಿಸಿದ್ದರು. ಅವರು ಎರಡು ದವಡೆ ಹಲ್ಲು ಕಿತ್ತರು. ಊದಿದ ಕೆನ್ನೆಯಲ್ಲೇ ಮಹೇಶ್ವರಿ ಎರಡು ದಿನ ಬಸ್ಸು ಕೂಗಿದಳು. ಆಮೇಲೆ ರಕ್ತ ಪರೀಕ್ಷೆ, ಹೃದಯದ ಸ್ಕ್ಯಾನು. ಅದಕ್ಕಾಗಿ ಹುಬ್ಬಳ್ಳಿಗೆ ಹೋದಾಗ ಡಾಕ್ಟರು ಕೇಳಿದರು: "ತಾಯಿ ಕಡೆ ಯಾರಿಗಾದ್ರೂ ಇದು ಇತ್ತಾ?"

"ಇಲ್ರಿ" ಎಂದುಬಿಟ್ಟಳು. ತಾಯಿ ಗಿರಿಜವ್ವ ತೀರಿಕೊಂಡದ್ದು ಎದೆಯ ಹುಣ್ಣಿನಿಂದ ಎಂದೇ ಮನೆಯಲ್ಲಿ ಹೇಳುತ್ತಿದ್ದರು. ಆಗ ಮಹೇಶ್ವರಿಗೆ ಒಂಬತ್ತು ವರ್ಷ. ಅರಿಶಿನ ಹತ್ತಿದ ಬಟ್ಟೆಗಳನ್ನು ಹಿತ್ತಲಲ್ಲಿ ಬೇರೆಯಾಗಿ ಒಣಹಾಕುತ್ತಿದ್ದರು. ಅವ್ವ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಕುರ್ಚಿಯಿಂದ ಏಳಲು ಹೋದ ಮಹೇಶ್ವರಿ ಹಾಗೇ ಕೂತಳು.

"ಇತ್ರಿ," ಎಂದಳು. "ನಮ್ಮವ್ವಗ ಇತ್ರಿ. ಅದಕ್ಕ ಹೆಸರು ಏನಂತ ಯಾರಿಗೂ ಗೊತ್ತಿರಲಿಲ್ಲ."

ಡಾಕ್ಟರು ಬರೆದುಕೊಂಡು, ಮಕ್ಕಳೆಷ್ಟು ಎಂದು ಕೇಳಿದರು. ಒಬ್ಬಳೇ ಮಗಳು, ಪ್ರತಿಭಾ, ಪಿಯುಸಿ ಮೊದಲ ವರ್ಷ. ಇದು ಮನೆತನದಲ್ಲಿ ಹರಿದು ಬಂದದ್ದೇ ಎಂದು ತಿಳಿಯಲು ರಕ್ತದ ಇನ್ನೊಂದು ಪರೀಕ್ಷೆ ಇದೆ, ಮೊದಲು ನಿಮಗೆ ಮಾಡೋಣ, ಮಗಳಿಗೆ ಹದಿನೆಂಟಾದ ಮೇಲೆ ನೋಡೋಣ ಎಂದರು. ಹೊರಗೆ ಕಾದಿದ್ದ ಗಂಡ ಸದಾಶಿವ ಏನಂದರು ಎಂದು ಕೇಳಿದರೆ, "ಹೃದಯ ಚಲೋ ಐತಂತ" ಎಂದಳು.

ಮಗಳಿಗೆ ಹೇಳಿದ್ದೂ ಬರೀ ಗಂಟು ಅಂತಲೇ. ಕೀಮೋಗೆ ಮೂರು ದಿನ ಇರುವಾಗ, ಭಾನುವಾರ ಬನವಾಸಿಯ ಮನೆಯ ಹಿಂದಿನ ಜಗಲಿಯಲ್ಲಿ ಮಹೇಶ್ವರಿ ಕತ್ತರಿ ಹಿಡಿದು ಕೂತಳು. ಒಮ್ಮೆಲೇ ಉದುರುವುದನ್ನು ನೋಡುವ ಬದಲು ಮೊದಲೇ ಗಿಡ್ಡ ಮಾಡಿಕೊಳ್ಳೋಣ ಅಂತ. ಬಲಗೈ ಹಿಂದಕ್ಕೆ ಹೋಗಲಿಲ್ಲ. ಪ್ರತಿಭಾ ಬಂದು ಕತ್ತರಿ ತೆಗೆದುಕೊಂಡಳು.

"ಸೆಕಿಗೆ ಕತ್ತರಿಸಾಕತ್ತೇನಿ," ಎಂದಳು ಮಹೇಶ್ವರಿ.

"ಆಸ್ಪತ್ರಿ ಫೈಲು ನಾ ಓದೀನವ್ವಾ. ಆಪರೇಷನ್ ಹಿಂದಿನ ದಿನಾನ ಓದೀನಿ."

"ಹೇಳಲಿಲ್ಲಲ್ಲ ನೀ?"

"ನೀನೂ ಹೇಳಲಿಲ್ಲಲ್ಲ."

ಕೂದಲು ಮಡಿಲಿಗೆ ಬೀಳುತ್ತಿತ್ತು. ಕತ್ತರಿಸುತ್ತಲೇ ಹುಡುಗಿ ಕೇಳಿದಳು: "ಅಜ್ಜಿಗೂ ಇದಾ ಆಗಿತ್ತೇನ?"

"ಹೂಂ."

"ಹಂಗಾದ್ರ ನಂಗೂ ಬರ್ತೈತೇನವ್ವಾ?"

ಮಹೇಶ್ವರಿ ಮಡಿಲಿನ ಕೂದಲನ್ನು ಒಟ್ಟುಗೂಡಿಸಿದಳು.

"ಗೊತ್ತಿಲ್ಲವ್ವಾ," ಎಂದಳು. "ಪರೀಕ್ಷೆ ಐತಂತ, ಮಾಡಿಸೂಣಂತ. ಏನಾರ ಕೈಗೆ ಹತ್ತಿದ್ರ ಅವತ್ತಾ ನಂಗ ಹೇಳು. ನಾ ಮಾಡಿದಂಗ ಮಾಡಬ್ಯಾಡ."

"ನೀ ಇರ್ತೀಯಲ್ಲ, ಹೇಳಾಕ?"

ಹುಡುಗಿ ಕತ್ತರಿ ಕೆಳಗಿಟ್ಟು ಬೆನ್ನ ಹಿಂದೆಯೇ ಕೂತಳು. ಅಳುತ್ತಿದ್ದಾಳೆಂದು ಬೆನ್ನಿಗೆ ತಾಗಿದ ಹಣೆಯಿಂದ ಗೊತ್ತಾಗುತ್ತಿತ್ತು. ಮಹೇಶ್ವರಿ ತಿರುಗಲಿಲ್ಲ, ತಿರುಗಿದರೆ ಮಗಳಿಗೆ ತನ್ನ ಮುಖವೂ ಕಾಣುತ್ತಿತ್ತು.

ಬುಧವಾರ ಬೆಳಿಗ್ಗೆ ಗಂಡನ ಜೊತೆ ಮಗಳೂ ಹೊರಟಳು. ಕಾಲೇಜು ಇದೆಯಲ್ಲ ಎಂದರೆ ಕೇಳಲಿಲ್ಲ. ಆಸ್ಪತ್ರೆಯಲ್ಲಿ ನರ್ಸು ಎಡಗೈಯಲ್ಲಿ ನರ ಹುಡುಕಿ ಸೂಜಿ ಚುಚ್ಚಿದಳು. ಕೆಂಪು ಔಷಧಿ ನಿಧಾನವಾಗಿ ಒಳಗೆ ಇಳಿಯತೊಡಗಿತು. ಸದಾಶಿವ ಕಿಟಕಿಯ ಕಡೆ ಮುಖ ಮಾಡಿ ನಿಂತ. ಪ್ರತಿಭಾ ಮಂಚದ ಪಕ್ಕ ಕೂತು ಜೀವಶಾಸ್ತ್ರದ ಪುಸ್ತಕ ತೆರೆದಳು. ತುಂಬಾ ಹೊತ್ತಾದರೂ ಪುಟ ತಿರುಗಲಿಲ್ಲ. ಅದು ಗೊತ್ತಿದ್ದೂ ಮಹೇಶ್ವರಿ, "ಓದು, ನಾ ಏನೂ ಮಾತಾಡಂಗಿಲ್ಲ" ಎಂದು ಕಣ್ಣು ಮುಚ್ಚಿದಳು.